ಪಾರಿವಾಳಕ್ಕೆ ಪ್ರವೇಶವಿಲ್ಲದ ಗೋಪುರ

ಇಸ್ಫಹಾನಿನ ಹೊರವಲಯದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಯಾತ್ರೆ ಮಾಡಿಬಂದವರೆಂದು ಊರವರು ‘ಮಶ್‌ದಿ’ ಎಂದು ಕರೆಯುವ ನೊಸ್ರತ್ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ತುದಿಗೆ ಬಟ್ಟೆ ಸುತ್ತಿದ ಉದ್ದನೆಯ ಕೋಲು ಹಿಡಿದು ಪಾರಿವಾಳದ ಗೋಪುರದ ಬುಡದಲ್ಲಿ ನಿಂತಿದ್ದಾರೆ. ರಾತ್ರಿಯೆಲ್ಲ ಹೊರಗಿನ ಅಂಚಿನ ಮೇಲೆ ಕೂತಿದ್ದ ಹಕ್ಕಿಗಳು ಹೊಸ ಗಾರೆಯ ಮೇಲೆ ಹಿಕ್ಕೆ ಹಾಕಿ ಹೋಗಿವೆ. ನೋಡುವ ಜನ ಬರುವುದರೊಳಗೆ ಗೋಡೆ ಚೊಕ್ಕಟವಾಗಬೇಕು. ನೊಸ್ರತ್ ಒರೆಸುತ್ತಾರೆ, ಗೊಣಗುತ್ತಾರೆ, ಮತ್ತೆ ಒರೆಸುತ್ತಾರೆ.

“ಹಿಕ್ಕೆ ಬೇಕು ಅಂತಾನೇ ಇದನ್ನ ಕಟ್ಟಿದ್ದು. ಈಗ ಹಿಕ್ಕೆ ಒರೆಸೋಕೆ ನನಗೆ ಸಂಬಳ. ಯಾರ ಹತ್ರ ಹೇಳ್ಕೊಂಡು ಅಳೋದು ಹೇಳಿ.”

ಮಾತು ಸುಳ್ಳಲ್ಲ. ಈ ದುಂಡನೆಯ ಮಣ್ಣಿನ ಗೋಪುರದ ಒಳಗೋಡೆ ತುಂಬ ಸಾವಿರಾರು ಗೂಡುಗಳಿವೆ. ಹಿಂದೆ ಕಾಡು ಪಾರಿವಾಳಗಳು ತಾವಾಗಿಯೇ ಬಂದು ಸೇರಿಕೊಳ್ಳುತ್ತಿದ್ದವು. ವರ್ಷಕ್ಕೊಮ್ಮೆ ಬಾಗಿಲು ಒಡೆದು, ಬಿದ್ದ ಗೊಬ್ಬರವನ್ನೆಲ್ಲ ಕರಬೂಜದ ಹೊಲಗಳಿಗೆ ಸಾಗಿಸಿ, ಮತ್ತೆ ಬಾಗಿಲಿಗೆ ಮಣ್ಣು ಮೆತ್ತುತ್ತಿದ್ದರು. ಒಡೆಯುವುದೂ ಮೆತ್ತುವುದೂ ನೊಸ್ರತ್ ಅವರ ತಂದೆಯ ಕೆಲಸವಾಗಿತ್ತು. ಚೀಲದ ಗೊಬ್ಬರ ಬಂದ ಮೇಲೆ ಗೋಪುರವನ್ನು ಕೇಳುವವರಿಲ್ಲದೆ ಒಂದು ಮಗ್ಗುಲು ಕುಸಿಯಿತು, ಒಳಗೆ ಯಾರೋ ಆಡು ಕಟ್ಟಿದರು.

ನಾಲ್ಕು ವರ್ಷದ ಹಿಂದೆ ಸರ್ಕಾರಕ್ಕೆ ಜ್ಞಾನೋದಯವಾಗಿ ದುರಸ್ತಿ ನಡೆಯಿತು. ಹುಲ್ಲು ಬೆರೆಸಿದ ಮಣ್ಣು ತುಳಿದವರಲ್ಲಿ ನೊಸ್ರತ್ ಕೂಡ ಒಬ್ಬರು. ಅಪ್ಪ ಕಂಡ ಹಾಗೆ ಹಕ್ಕಿಗಳು ಗುಂಪುಗುಂಪಾಗಿ ಇಳಿಯುವುದನ್ನು ತಾನೂ ಕಾಣುತ್ತೇನೆಂದು ಹಿಗ್ಗಿಹೋಗಿದ್ದರು. ಕೆಲಸ ಮುಗಿದ ದಿನ ಗೋಪುರದ ನೆತ್ತಿಯ ಕಿಂಡಿಗಳಿಗೆಲ್ಲ ಬಲೆ ಬಿಗಿದರು, ಒಳಗೆ ಗಲೀಜಾಗಬಾರದಂತೆ. ಚಪ್ಪರ ಹಾಕಿ, ವಾಲಗ ಊದಿಸಿ, ಮದುಮಗನನ್ನು ಬೀದಿಯಲ್ಲೇ ನಿಲ್ಲಿಸಿದ ಹಾಗಾಯಿತು. ಆ ಸಂಕಟ ನೊಸ್ರತ್ ಅವರಿಗೆ ಇಂದಿಗೂ ಹೋಗಿಲ್ಲ.

ಬಿಸಿಲೇರುತ್ತಿದ್ದಂತೆ ಟೆಹರಾನಿನಿಂದ ಬಂದ ಸಂಸಾರವೊಂದು ಕಾರಿನಿಂದ ಇಳಿಯುತ್ತದೆ. ಎಲ್ಲರೂ ಒಳಗೆ ಹೋಗಿ ಕತ್ತೆತ್ತಿ ನೋಡಿ, ಪ್ರತಿಧ್ವನಿಗಾಗಿ ಒಂದು ಸಲ ಕೂಗಿ ಹೊರಗೆ ಬರುತ್ತಾರೆ. ಅವರಲ್ಲೊಬ್ಬ ಹೆಂಗಸು ನೊಸ್ರತ್ ಅವರನ್ನು ಕೇಳುತ್ತಾಳೆ: “ಅಲ್ಲ ಯಜಮಾನ್ರೇ, ಪಾರಿವಾಳ ಎಲ್ಲಿ?”

ದಿನಾ ಇದೇ ಪ್ರಶ್ನೆ. “ಹೊರಗಿವೆ ತಾಯಿ. ಮನೆ ಅವುಗಳದ್ದು, ಒಳಗೆ ಹೋಗೋರು ನೀವು.”

ಅವಳು ನಗುತ್ತಾಳೆ. ನೊಸ್ರತ್ ನಗುವುದಿಲ್ಲ.

ಬಲೆ ತೆಗೆಸಿ ಎಂದು ಅವರು ಕೇಳದೆ ಬಿಟ್ಟಿಲ್ಲ. ಇಲಾಖೆಯ ಇಂಜಿನಿಯರ್ ಕಲಂತರಿ ಬಂದಾಗಲೆಲ್ಲ ಕೇಳಿದ್ದಾರೆ. ಪ್ರತಿ ಸಲವೂ ಕಲಂತರಿ ಕಣ್ಣಿನ ಮೇಲೆ ಬೆರಳಿಟ್ಟು “ಚಶ್ಮ್” ಅಂದಿದ್ದಾರೆ. ಎಂದರೆ, ನಿಮ್ಮ ಮಾತು ನನ್ನ ಕಣ್ಣ ಮೇಲೆ, ಖಂಡಿತ ಆಗುತ್ತದೆ. ಇಲ್ಲಿ ಯಾರೂ ಮುಖದ ಮೇಲೆ ಆಗೋದಿಲ್ಲ ಅನ್ನುವುದಿಲ್ಲ. ರೊಟ್ಟಿಯವನೂ ಚಶ್ಮ್, ನಲ್ಲಿ ರಿಪೇರಿಯವನೂ ಚಶ್ಮ್, ಮನೆಯ ಅಳಿಯನೂ ಚಶ್ಮ್. ಕೆಲಸ ಮಾತ್ರ ಇದ್ದಲ್ಲೇ ಇರುತ್ತದೆ.

“ನಾಲ್ಕು ವರ್ಷದಿಂದ ಆ ಮನುಷ್ಯನ ಕಣ್ಣ ಮೇಲೆ ಕೂತಿದೀನಿ. ಇಳಿಸೋರೇ ಇಲ್ಲ,” ಅನ್ನುತ್ತಾರೆ ನೊಸ್ರತ್.

ಹೆಂಡತಿ ಬತೂಲ್ ಬುತ್ತಿ ತಂದಿದ್ದಾರೆ: ರೊಟ್ಟಿ, ಪನೀರು, ಒಂದು ಹಿಡಿ ಆಕ್ರೋಟು. “ಕೇಳಿ ಕೇಳಿ ನಿಮ್ಮ ಗಂಟಲು ಒಣಗ್ತು. ಟೀ ಕುಡೀರಿ ಮೊದಲು,” ಅಂದವರೇ ಮೇಲೆ ಕೈ ತೋರಿಸುತ್ತಾರೆ. “ಮರಿ ಹೇಗಿವೆ?”

ಚಳಿಗಾಲದ ಗಾಳಿಗೆ ಬಲೆ ಒಂದು ಕಡೆ ಹರಿದಿತ್ತು. ಒಂದು ಜೋಡಿ ಅದರೊಳಗೆ ನುಸುಳಿ, ಅಷ್ಟೆತ್ತರದ ಗೂಡೊಂದರಲ್ಲಿ ಮೊಟ್ಟೆಯಿಟ್ಟು ಈಗ ಎರಡು ಮರಿ ಮಾಡಿದೆ. ಇನ್ನೂ ಪುಕ್ಕ ಬಲಿತಿಲ್ಲ. ಅಷ್ಟು ದೊಡ್ಡ ಗೋಪುರಕ್ಕೆ ಇರುವುದು ಅದೊಂದೇ ಸಂಸಾರ. ನೊಸ್ರತ್ ಅದರ ಕೆಳಗೆ ಬಿದ್ದ ಹಿಕ್ಕೆಯನ್ನು ಒರೆಸುವುದಿಲ್ಲ, ತಗಡಿನ ಡಬ್ಬಿಗೆ ತುಂಬುತ್ತಾರೆ. ಮನೆಯ ಹಿಂದೆ ಕರಬೂಜದ ಬಳ್ಳಿಯೊಂದಿದೆ, ಅದಕ್ಕೆ.

ಟೀ ಲೋಟ ಕೆಳಗಿಡುವ ಮೊದಲೇ ಕಲಂತರಿಯವರ ಬಿಳಿ ಕಾರು ಬರುತ್ತದೆ. ಗುರುವಾರ ರಾಜಧಾನಿಯಿಂದ ದೊಡ್ಡವರು ಬರುತ್ತಾರಂತೆ, ಉತ್ತಮ ದುರಸ್ತಿಗೆ ಪ್ರಶಸ್ತಿ ಫಲಕ ಕೊಡಲು. ಇಂಜಿನಿಯರ್ ಒಳಗೆ ಹೋಗಿ, ಕತ್ತೆತ್ತಿ, ಗೂಡು ಕಂಡು ಮುಖ ಗಂಟಿಕ್ಕುತ್ತಾರೆ.

“ಇದೇನು ಮಶ್‌ದಿ, ಹಕ್ಕಿ ಸಾಕಿದೀರಾ?”

“ನಾನು ಸಾಕಿಲ್ಲ ಸಾಹೇಬ್ರೇ. ಅವೇ ಬಂದಿವೆ. ಇದು ಪಾರಿವಾಳದ ಗೋಪುರ ಅಂತ ಯಾರೋ ಹೇಳಿರಬೇಕು.”

“ತಮಾಷೆ ಬೇಡ. ಗುರುವಾರದೊಳಗೆ ಗೂಡು ತೆಗೆದು ಬಲೆ ಹೊಲಿಸಿಬಿಡಿ. ಫೋಟೋದಲ್ಲಿ ಇದೆಲ್ಲ ಕಾಣಬಾರದು. ನಿಮ್ಮ ಕೈಲಾಗದಿದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ.”

ಬತೂಲ್ ಗಂಡನ ಮುಖ ನೋಡುತ್ತಾರೆ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಬೇರೆ ಯಾರು ಕೊಡುತ್ತಾರೆ? ಗೂಡು ಕಿತ್ತರೆ ಹಾರಲು ಬಾರದ ಮರಿಗಳು ಎಲ್ಲಿಗೆ ಹೋಗುತ್ತವೆ? ಎಲ್ಲಿ ಗಂಡ ಸಿಟ್ಟಿಗೆದ್ದು, ಇದುವರೆಗೆ ಗೊಣಗಿದ್ದೆಲ್ಲ ಈಗ ಹೊರಗೆ ಬರುತ್ತದೋ ಎಂದು ಬತೂಲ್ ಅವರಿಗೆ ಭಯ.

ನೊಸ್ರತ್ ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಡುತ್ತಾರೆ. ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಬೆರಳನ್ನು ಕಣ್ಣಿನ ಮೇಲಿಡುತ್ತಾರೆ.

“ಚಶ್ಮ್, ಸಾಹೇಬ್ರೇ. ಖಂಡಿತ.”

ಕಲಂತರಿ ಸಮಾಧಾನದಿಂದ ಕಾರು ಹತ್ತುತ್ತಾರೆ. ಧೂಳು ಇಳಿದ ಮೇಲೆ ನೊಸ್ರತ್ ಮತ್ತೆ ನೆರಳಲ್ಲಿ ಕೂತು, ಸಕ್ಕರೆ ತುಂಡೊಂದನ್ನು ಹಲ್ಲಿನ ನಡುವೆ ಇಟ್ಟುಕೊಂಡು ಆರಿದ ಟೀ ಹೀರುತ್ತಾರೆ. ಗೂಡಿನವರೆಗೆ ಹತ್ತಬೇಕಾದ ಏಣಿ ಗೋಡೆಗೆ ಒರಗಿದಲ್ಲೇ ಇದೆ.

“ಯಾವಾಗ ತೆಗೀತೀರಿ ಗೂಡು?” ಬತೂಲ್ ಮೆಲ್ಲಗೆ ಕೇಳುತ್ತಾರೆ.

“ಸಾಹೇಬ್ರು ಯಾವತ್ತು ಬಲೆ ತೆಗೆಸ್ತಾರೋ, ಆವತ್ತೇ.”