ಮಾವನೂ ಕಾರೂ ಒಂದೇ ವಯಸ್ಸು

ಟಿ. ನರಸೀಪುರದಲ್ಲಿರುವ ನನ್ನ ಸೋದರಮಾವನ ವಯಸ್ಸು ಕೇಳಿದರೆ ಅವನು ಅಂಕಿ ಹೇಳುತ್ತಿರಲಿಲ್ಲ, ಹಿತ್ತಲ ಶೆಡ್ಡಿನ ಕಡೆ ಕೈ ತೋರಿಸುತ್ತಿದ್ದ. ಅಲ್ಲಿ ಅವನ ಅಪ್ಪ ಕೊಂಡ ಅಮೆರಿಕದ ಕಾರು ನಿಂತಿದೆ.

"ಐವತ್ತೈದರ ಮಾಡೆಲ್ ಕಣ್ಲಾ, ನಾನೂ ಅದೂ. ಕಡೇ ಕಾರ್ತೀಕ ಸೋಮವಾರ ನಾನುಟ್ಟಿದ್ದು. ನಂಗೆ ಹೆಸರಿಡೋ ಒತ್ಗೆ ಅಪ್ಪ ಒಸಾ ಕಾರು ತಂದ ಅಂತ ನಮ್ಮವ್ವ ಯೋಳೋಳು."

ಮಾವ ನಡೆಯಲು ಕಲಿಯುವ ಮೊದಲೇ ಅಪ್ಪ ತೀರಿಕೊಂಡಿದ್ದ. ತಾನು ಹುಟ್ಟಿದ್ದಕ್ಕೆ ಅಪ್ಪ ಸಂತೋಷಪಟ್ಟಿದ್ದ ಅನ್ನುವುದಕ್ಕೆ ಮಾವನ ಹತ್ತಿರ ಇದ್ದದ್ದು ಆ ಕಾರೊಂದೇ.

ನಾನು ನಂಜನಗೂಡಿನಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟವನು. ಹಳೇ ಕಾರುಗಳ ಹುಚ್ಚು ಹತ್ತಿ, ಮುಂದಿನ ಜಾಲರಿ, ಹಿಂದಿನ ದೀಪ ನೋಡಿ ವರ್ಷ ಹೇಳುವುದನ್ನು ಮೊಬೈಲಿನಲ್ಲಿ ಕಲಿತೆ. ಅರ್ಧ ಕಲಿತೆ ಅನ್ನಬೇಕು. ಅಲ್ಪವಿದ್ಯಾ ಮಹಾಗರ್ವಿ ಅನ್ನುವುದು ನನ್ನಂಥವನನ್ನು ನೋಡಿಯೇ ಇರಬೇಕು.

ಹೋದ ವರ್ಷ ಮಾವನ ಮೊಮ್ಮಗಳ ನಿಶ್ಚಿತಾರ್ಥದಲ್ಲಿ ಅವನು ಬೀಗರಿಗೆ ಕಾರು ತೋರಿಸುತ್ತ ಎಂದಿನ ಕಥೆ ಶುರುಮಾಡಿದ. ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ ನಾನು! ಕಾರನ್ನು ಒಂದು ಸುತ್ತು ಹಾಕಿ, ಕೈ ಒರೆಸಿಕೊಂಡು, "ಮಾವ, ಈ ಜಾಲರಿ ಐವತ್ತಾರರದ್ದು. ನೀನುಟ್ಟಿದಾಗ ಈ ಕಾರೇ ಇರ್ನಿಲ್ಲ" ಅಂದೆ.

"ಅಂಗಾರೆ ನೀವ್ಯಾವ ಮಾಡೆಲ್ ಸಾ?" ಅಂತ ಬೀಗರ ಕಡೆಯವರೊಬ್ಬರು ಮಾವನನ್ನು ಕೇಳಿದರು. ಎಲ್ಲರೂ ನಕ್ಕರು, ಮಾವನೂ ನಕ್ಕ. ಊಟಕ್ಕೆ ಮಾತ್ರ ಅವನು ನನ್ನ ಪಕ್ಕ ಕೂರಲಿಲ್ಲ.

ಉಳಿದರ್ಧ ಗೊತ್ತಾದದ್ದು ಮೊನ್ನೆ. ಹೊಸ ವರ್ಷದ ಕ್ಯಾಲೆಂಡರ್ ನವೆಂಬರಿನಲ್ಲೇ ಅಂಗಡಿಗೆ ಬರುವ ಹಾಗೆ, ಅಮೆರಿಕದವರು ಮುಂದಿನ ವರ್ಷದ ಮಾಡೆಲನ್ನು ಈ ವರ್ಷದ ಕೊನೆಯಲ್ಲೇ ಮಾರುತ್ತಿದ್ದರಂತೆ. ಐವತ್ತಾರರ ಕಾರು ಐವತ್ತೈದರಲ್ಲೇ ಮನೆಗೆ ಬಂದಿರಬಹುದು. ಅಂಗಡಿ ಬಾಗಿಲೆಳೆದು ನರಸೀಪುರದ ಬಸ್ಸು ಹತ್ತಿದೆ.

ಕಾರಿಗೆ ಟಾರ್ಪಾಲು ಹೊದಿಸಿ ಹಗ್ಗ ಕಟ್ಟಿತ್ತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮಾವ ಅಡಿಕೆ ಕತ್ತರಿಸುತ್ತಲೇ ಕೇಳಿದ.

"ಅಂಗಾರೆ ಅಮೇರಿಕದೋರು ಒಪ್ಕಂಡವ್ರೆ ಅನ್ನು."

"ಊಂ ಮಾವ. ನೀನು ಯೋಳಿದ್ದೇ ಸರಿ. ನಂದೇ ತಪ್ಪು."

"ನಾನೆಲ್ಲಿ ಯೋಳ್ದೆ? ಯೋಳಿದ್ದು ನಮ್ಮವ್ವ. ಅವತ್ತು ಅಷ್ಟು ಜನದ ಮುಂದೆ ನೀನು ಸುಳ್ಳಿ ಅನ್ನಿಸಿದ್ದು ಅವಳನ್ನ ಕಣ್ಲಾ. ನಿಮ್ಮಜ್ಜೀನ."