ರೆಪ್ಪೆ ಮುಚ್ಚುವ ಕೆಲಸ

ನನ್ನ ಓರಗಿತ್ತಿಗೆ ಮನೆಯಲ್ಲಿ ನಾವಿಟ್ಟ ಹೆಸರು ಪಿಳಿಪಿಳಿ. ಬಾಯಿಗಿಂತ ಮೊದಲು ಅವಳ ರೆಪ್ಪೆ ಆಡುತ್ತಿತ್ತು. ಅದು ಹುಟ್ಟಿನಿಂದ ಬಂದದ್ದಲ್ಲ, ಸರ್ಕಾರಿ ಕೆಲಸದಿಂದ ಅಂಟಿಕೊಂಡದ್ದು.

ಅವಳಿರುವುದು ಪಿಂಚಣಿ ಇಲಾಖೆಯಲ್ಲಿ. ಮೊದಲೆಲ್ಲ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ತೋರಿಸಲು ವರ್ಷಕ್ಕೊಮ್ಮೆ ಕಚೇರಿಗೆ ಬರಬೇಕಿತ್ತು. ನಡೆಯಲಾಗದವರನ್ನು ಕುರ್ಚಿ ಸಮೇತ ಮೆಟ್ಟಿಲು ಹತ್ತಿಸುತ್ತಿದ್ದರು. ಮೇಲೆ ಕೂತ ಮಹಾಶಯ ತಲೆ ಕೂಡ ಎತ್ತದೆ "ಊಟ ಆದ್ಮೇಲೆ ಬನ್ನಿ" ಅನ್ನುತ್ತಿದ್ದ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಆಮೇಲೆ ಯಾವ ಪುಣ್ಯಾತ್ಮ ಬುದ್ಧಿ ಹೇಳಿದನೋ, ಅಂಗೈಯಗಲದ ಒಂದು ಯಂತ್ರ ಬಂತು. ಪಿಳಿಪಿಳಿ ಅದನ್ನು ಚೀಲದಲ್ಲಿಟ್ಟುಕೊಂಡು ಮನೆಮನೆಗೆ ಹೋಗುತ್ತಾಳೆ. ಹಿರಿಯರ ಮುಖದೆದುರು ಅದರ ಕ್ಯಾಮೆರಾ ಹಿಡಿದು "ಒಂದ್ಸಲ ಕಣ್ಣು ಮಿಟುಕಿಸಿ" ಅನ್ನುತ್ತಾಳೆ. ಬರೀ ಫೋಟೋ ಹಿಡಿದು ಯಾರೂ ಯಾಮಾರಿಸಬಾರದಲ್ಲ, ಅದಕ್ಕೆ. ಮಿಟುಕಿಸಿದರೆ ಹಸಿರು ದೀಪ ಹತ್ತಿ, ಒಳಗಿನ ಹೆಣ್ಣುದನಿ "ಜೀವಂತವಾಗಿರುವುದು ದೃಢಪಟ್ಟಿದೆ" ಎನ್ನುತ್ತದೆ.

ಮಗುವಿಗೆ ತುತ್ತಿಡುವ ತಾಯಿ ತಾನೂ ಬಾಯಿ ತೆರೆಯುವ ಹಾಗೆ, ಇವಳೂ ಅವರ ಜೊತೆ ಮಿಟುಕಿಸುತ್ತಿದ್ದಳು. ದಿನವಿಡೀ ಅದೇ ಕೆಲಸ. ರೂಢಿಯಾಗಿಬಿಟ್ಟಿತು.

ನನ್ನ ಮಗನಿಗೆ ಅಕ್ಷರ ಕಲಿಸಿದ ಟೀಚರಮ್ಮ ನಮ್ಮ ಬೀದಿಯ ಕೊನೆಯಲ್ಲಿದ್ದರು. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಜೊತೆಗಿದ್ದವಳು ಬಟ್ಟೆ ಹೊಲಿಯುವ ಮಗಳೊಬ್ಬಳೇ. ಪಿಳಿಪಿಳಿ ಅಲ್ಲಿಗೆ ಹೊರಟ ದಿನ ನಾನೂ ಜೊತೆಗೆ ಹೋದೆ. ಟೀಚರಮ್ಮನ ಕಣ್ಣು ತೆರೆದೇ ಇದ್ದವು, ಆದರೆ ಎಷ್ಟು ಕೇಳಿಕೊಂಡರೂ ರೆಪ್ಪೆ ಆಡಲಿಲ್ಲ. ಯಂತ್ರದಲ್ಲಿ ಮತ್ತೆ ಮತ್ತೆ ಕೆಂಪು ದೀಪ.

"ಇದಾಗ್ಲಿಲ್ಲ ಅಂದ್ರೆ ಅಮ್ಮನ ಪಿಂಚಣಿ ನಿಲ್ಲುತ್ತಾ ಅಕ್ಕ? ಔಷಧಿ ಎಲ್ಲಾ ಅದರಲ್ಲೇ ನಡೀತಿರೋದು," ಎಂದಳು ಮಗಳು.

ಪಿಳಿಪಿಳಿ ಯಂತ್ರ ಹಿಡಿದುಕೊಂಡೇ ಟೀಚರಮ್ಮನ ಹತ್ತಿರ ಬಗ್ಗಿದಳು. ಕಣ್ಣಲ್ಲಿ ಕಣ್ಣಿಟ್ಟು, ತನ್ನ ಕಣ್ಣು ಮುಚ್ಚಿ ತೆರೆದಳು. ಟೀಚರಮ್ಮನ ಕಣ್ಣೂ ಮುಚ್ಚಿ ತೆರೆದವು.

"ಜೀವಂತವಾಗಿರುವುದು ದೃಢಪಟ್ಟಿದೆ."

ಮಗಳು ಪಿಳಿಪಿಳಿಯ ಕೈ ಹಿಡಿದು ಅತ್ತೇಬಿಟ್ಟಳು.

ವಾರ ಕಳೆಯುವಷ್ಟರಲ್ಲಿ ಅದೇ ಮಗಳು ನಮ್ಮ ಬಾಗಿಲಿಗೆ ಬಂದಳು. ಮುಖ ಬಿಳುಚಿತ್ತು.

"ಅಕ್ಕ, ನೀವು ಬಂದು ಹೋದಾಗಿಂದ ಅಮ್ಮ ಕಣ್ಣೇ ಮುಚ್ಚಿಲ್ಲ. ಮೊದಲು ನಿದ್ದೆಗಾದ್ರೂ ಮುಚ್ತಿದ್ರು. ಈಗ ಬಾಗಿಲನ್ನೇ ನೋಡ್ತಾ ಇರ್ತಾರೆ. ಡಾಕ್ಟರು ಪಟ್ಟಿ ಅಂಟಿಸಿದ್ರು, ಅದರೊಳಗೂ ತೆರಕೊಂಡೇ ಇದ್ವು."

ಇದೆಂಥ ತಲೆಬುಡವಿಲ್ಲದ ಮಾತು ಎಂದು ನಾನು ರೇಗಿದೆ. ಆದರೂ ನಾವಿಬ್ಬರೂ ಅವಳ ಹಿಂದೆಯೇ ಹೋದೆವು. ಪಿಳಿಪಿಳಿ ಮಂಚದೆದುರು ಕೂತು ಕಣ್ಣು ಮುಚ್ಚಿದಳು, ಟೀಚರಮ್ಮನ ಕೆಂಪಡರಿದ ಕಣ್ಣು ಮುಚ್ಚಿದವು. ಇವಳು ತೆರೆದಳು, ಅವೂ ತೆರೆದವು. ಇವಳು ಬೇಕೆಂದೇ ಒಂದೇ ಕಣ್ಣು ಮುಚ್ಚಿ ನೋಡಿದಳು. ಆ ಮಂಚದ ಮೇಲೂ ಒಂದೇ ಕಣ್ಣು ಮುಚ್ಚಿತು.

ಅಂದಿನಿಂದ ಪಿಳಿಪಿಳಿ ಕೆಲಸ ಮುಗಿಸಿ ನೇರ ಅಲ್ಲಿಗೇ ಹೋಗುತ್ತಿದ್ದಳು. ಕಣ್ಣು ಮುಚ್ಚಿ ಕೂರುತ್ತಿದ್ದಳು, ಎದುರಿಗೆ ಟೀಚರಮ್ಮ ನಿದ್ದೆ ಹೋಗುತ್ತಿದ್ದರು. ಇವಳು ಎದ್ದು ಬಂದರೆ ಅಲ್ಲಿಗೆ ಅವರ ನಿದ್ದೆಯೂ ಮುಗಿಯಿತು. ಇಲಾಖೆಗೆ ಹೇಳೋಣವೆಂದರೆ ಏನಂತ ಹೇಳುವುದು? ಟೀಚರಮ್ಮ ದಿನದಿಂದ ದಿನಕ್ಕೆ ಸೊರಗಿದರು. ಉಸಿರೆಳೆದಾಗಲೆಲ್ಲ ನರಳುತ್ತಿದ್ದರು, ಕಣ್ಣು ಮುಚ್ಚಿದಾಗ ಮಾತ್ರ ನರಳಾಟ ನಿಲ್ಲುತ್ತಿತ್ತು.

ಕೊನೆಯ ದಿನ ನಾನೂ ಅಲ್ಲಿದ್ದೆ. ಪಿಳಿಪಿಳಿ ಕಣ್ಣು ಮುಚ್ಚಿ ಕೂತು ಬಹಳ ಹೊತ್ತಾಗಿತ್ತು.

"ಮುಚ್ಚಿದ್ದಾರಾ ಅಕ್ಕ?" ಎಂದು ನನ್ನನ್ನು ಕೇಳಿದಳು.

"ಮುಚ್ಚಿದ್ದಾರೆ. ಉಸಿರು ತೀರಾ ಸಣ್ಣಗಾಗಿದೆ."

ಪಿಳಿಪಿಳಿ ಮಂಚದ ಅಂಚು ಹಿಡಿದುಕೊಂಡಳು. "ಹಾಗಾದ್ರೆ ತೆರೀತೀನಿ. ನನ್ನಿಂದ ಆಗಬಾರದ್ದು ಆದೀತು."

ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು. ಪಿಂಚಣಿ ನಿಂತರೆ ಮನೆಯ ಗತಿ ಏನೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

"ಬೇಡ ಅಕ್ಕ," ಎಂದಳು ಮೆಲ್ಲಗೆ. "ತೆರೀಬೇಡಿ. ಅಮ್ಮ ಮಲಗ್ಲಿ."

ಪಿಳಿಪಿಳಿ ತೆರೆಯಲಿಲ್ಲ. ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯುತ್ತಿತ್ತು. ಟೀಚರಮ್ಮನ ಎದೆ ಏರಿತು, ಇಳಿಯಿತು, ಮತ್ತೆ ಏರಲಿಲ್ಲ. ಮಗಳು ಬಂದು ಇವಳ ಭುಜ ಮುಟ್ಟಿದಳು. "ಈಗ ತೆರೀರಿ." ಇವಳು ತೆರೆದಳು. ಟೀಚರಮ್ಮನ ಕಣ್ಣು ತೆರೆಯಲಿಲ್ಲ.

ಸಾವನ್ನು ದಾಖಲಿಸುವುದೂ ಅದೇ ಯಂತ್ರದಲ್ಲಿ, ಮುಖ ತೋರಿಸಿಯೇ. ಪಿಳಿಪಿಳಿ ಅದನ್ನು ಟೀಚರಮ್ಮನೆದುರು ಹಿಡಿದು, ತಾನು ಮಾತ್ರ ಗೋಡೆಯ ಕಡೆ ತಿರುಗಿ ನಿಂತಳು. ಎಲ್ಲಿ ತನ್ನ ರೆಪ್ಪೆ ಆಡೀತೋ, ಅದರ ಜೊತೆ ಆ ರೆಪ್ಪೆಯೂ ಆಡೀತೋ ಎಂಬ ಭಯ ಅವಳಿಗೆ.

"ಕೆಂಪು ಬಂತಾ ಅಕ್ಕ?"

"ಬಂತು," ಎಂದೆ. ಅವಳು ಕುಸಿದು ಕೂತಳು.

ಈಗಲೂ ಅವಳು ಅದೇ ಕೆಲಸದಲ್ಲಿದ್ದಾಳೆ. ಯಂತ್ರದಿಂದ ಜನಕ್ಕೆ ಅನುಕೂಲವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ "ಮಿಟುಕಿಸಿ" ಅನ್ನುವಾಗ ಅವಳು ಗೋಡೆ ನೋಡುತ್ತಾಳೆ. ಪಿಳಿಪಿಳಿ ಎಂದು ಅವಳನ್ನು ಈಗ ಯಾರೂ ಕರೆಯುವುದಿಲ್ಲ.

ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ಅವಳು ಚಾಪೆ ಹಾಸಿಕೊಂಡು ಮಲಗಿದ್ದಳು, ಕಣ್ಣು ಅಗಲಕ್ಕೆ ತೆರೆದುಕೊಂಡೇ. ನಾನು ಎದುರಿಗೆ ಕೂತು ಕಾಳು ಆರಿಸುತ್ತಿದ್ದೆ.

"ಒಂದ್ ಗಳಿಗೆ ಕಣ್ಣು ಮುಚ್ಚಬಾರದೇನೇ?" ಎಂದೆ.

"ಮುಚ್ತೀನಿ ಅಕ್ಕ. ನೀನು ಎದುರಿಂದ ಎದ್ದು ಹೋಗು, ಆಮೇಲೆ ಮುಚ್ತೀನಿ."

ಬೇರೆ ಯಾವ ದಿನವಾದರೂ ಚೆನ್ನಾಗಿ ಬೈಯುತ್ತಿದ್ದೆ. ಅವತ್ತು ಕಾಳನ್ನು ಅಲ್ಲೇ ಬಿಟ್ಟು ಎದ್ದೆ. ಅವಳ ಮುಖ ನೋಡದೆ ಹೊರಗೆ ಬಂದು, ಬಾಗಿಲು ಎಳೆದುಕೊಂಡೆ.