ಮಾವನ ಕೋಣೆಯ ವಾಲ್ವ್

ನನ್ನ ಹೆಂಡತಿಯ ತಂದೆಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವರಿಗೂ ನನ್ನನ್ನು ಕಂಡರೆ ಅಷ್ಟಕ್ಕಷ್ಟೇ. ಮಗಳ ಹೆರಿಗೆ ಇಲ್ಲದೆ ಹೋಗಿದ್ದರೆ ಅವರು ಡೆಟ್ರಾಯಿಟಿನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತಾಯಿ ಮಾಡಬೇಕಾದ ಬಾಣಂತನವನ್ನು ತಾನೇ ಮಾಡುತ್ತೇನೆಂದು ಲೇಹ್ಯ, ಓಮ, ಒಣಶುಂಠಿ ಎಲ್ಲ ಕಟ್ಟಿಕೊಂಡು ಚಳಿಗಾಲದ ನಡುವೆ ಬಂದಿಳಿದರು. ಅದು ದೊಡ್ಡ ಮನಸ್ಸು ಎಂದು ಈಗ ಬರೆಯುವುದು ಸುಲಭ. ಆಗ ಅವರು ಬಾಯಿ ತೆರೆದರೆ ಸಾಕು, ನನ್ನ ಮೈ ಉರಿಯುತ್ತಿತ್ತು.

ಸ್ನೇಹಿತರೆಲ್ಲ ಊರಾಚೆ ಕ್ಯಾಂಟನ್ನಿನ ಹೊಸ ಬಡಾವಣೆಗಳಲ್ಲಿ ಮನೆ ಮಾಡಿದ್ದಾಗ ನಾನೊಬ್ಬ ಫರ್ನ್‌ಡೇಲಿನಲ್ಲಿ ಎಪ್ಪತ್ತು ವರ್ಷ ಹಳೆಯ ಇಟ್ಟಿಗೆ ಮನೆ ಕೊಂಡಿದ್ದೆ. ಬೇಸ್‌ಮೆಂಟಿನಲ್ಲಿ ಬಾಯ್ಲರ್, ಕೋಣೆಗೊಂದು ಎರಕದ ಕಬ್ಬಿಣದ ರೇಡಿಯೇಟರ್. ಅದರೊಳಗೆ ಬಿಸಿನೀರು ಹರಿದು ಮನೆ ಬೆಚ್ಚಗಾಗಬೇಕು. ಮಾವ ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ಬಂದ ದಿನವೇ ಕೆಳಗಿಳಿದು ನೋಡಿ, "ನಮ್ಮ ಫ್ಯಾಕ್ಟರೀಲಾಗಿದ್ರೆ ಇದನ್ನ ಗುಜರಿಗೆ ಹಾಕ್ತಿದ್ವಿ, ಅಳಿಯಂದ್ರೇ," ಎಂದರು. ಅಳಿಯಂದ್ರೇ ಎಂಬ ಆ ಮರ್ಯಾದೆಯೊಳಗೆ ಮರ್ಯಾದೆ ಎಳ್ಳಷ್ಟೂ ಇರಲಿಲ್ಲ.

ಅವರಿಗೆ ಮಹಡಿಯ ಹಿಂದಿನ ಕೋಣೆ ಕೊಟ್ಟಿದ್ದೆವು. ಕೆಳಗಿನ ಹಾಲ್ ಹಿತವಾಗುವಷ್ಟರಲ್ಲಿ ಆ ಕೋಣೆ ಕಾದ ಕಾವಲಿಯಾಗುತ್ತಿತ್ತು. ಮಾವ ಕಿಟಕಿ ತೆಗೆದುಬಿಡುತ್ತಿದ್ದರು. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ, ಒಳಗೆ ಬಾಯ್ಲರ್ ಒಂದೇ ಸಮನೆ ಉರಿಯುತ್ತಿದೆ, ಮೇಲೆ ಕಿಟಕಿ ಹಾರುಹೊಡೆದಿದೆ. ನಾನು ಹೋಗಿ ಮುಚ್ಚುವುದು, ಅವರು ಮತ್ತೆ ತೆಗೆಯುವುದು. ಎಂಟು ತಿಂಗಳ ಬಸುರಿ ನಮ್ಮಿಬ್ಬರ ನಡುವೆ ಮೆಟ್ಟಿಲು ಹತ್ತಿ ಇಳಿಯುವುದು.

ಇದಕ್ಕೊಂದು ಗತಿ ಕಾಣಿಸಬೇಕೆಂದು ಪ್ಲಂಬಿಂಗ್ ಸಾಮಾನಿನ ಅಂಗಡಿಗೆ ಹೋದೆ. ಥರ್ಮೋಸ್ಟ್ಯಾಟಿಕ್ ವಾಲ್ವ್ ಎಂಬುದು ಸಿಗುತ್ತದೆ. ರೇಡಿಯೇಟರಿನ ಪಕ್ಕದಲ್ಲೇ ಕೂತು ಸುತ್ತಲಿನ ಗಾಳಿಯ ಬಿಸಿ ನೋಡಿಕೊಂಡು, ಬೆಚ್ಚಗಾದರೆ ತಾನೇ ನೀರು ತಡೆಯುತ್ತದೆ, ತಣ್ಣಗಾದರೆ ಬಿಡುತ್ತದೆ. ಅಂಗಡಿಯವನು ಎರಡು ಬಗೆ ತೋರಿಸಿದ. ರೇಡಿಯೇಟರಿನ ಮೇಲೆ ಪರದೆಯೋ ಮುಚ್ಚಳವೋ ಬರುವುದಾದರೆ ಉದ್ದ ತಂತಿಯದು ತಗೋ, ಬಿಸಿ ಅಳೆಯುವ ಅದರ ತುದಿಯನ್ನು ದೂರದ ಗೋಡೆಗೆ ಹಾಕಬಹುದು ಎಂದ. ಪರದೆ ಇಲ್ಲ ಎಂದು ಹೇಳಿ ಮಾಮೂಲಿಯದನ್ನೇ ತಂದೆ.

ಶನಿವಾರ ಬಾಯ್ಲರ್ ಆರಿಸಿ, ಪೈಪುಗಳ ನೀರೆಲ್ಲ ಬೇಸ್‌ಮೆಂಟಿನ ಮೋರಿಗೆ ಬಿಟ್ಟೆ. ಹಳೆಯ ವಾಲ್ವಿನ ನಟ್ಟು ಎಪ್ಪತ್ತು ವರ್ಷದ ಹಟ ಹಿಡಿದು ಕೂತಿತ್ತು. ಎಣ್ಣೆ ಬಿಟ್ಟು ಪೈಪ್ ರೆಂಚಿಗೆ ಇಡೀ ಮೈ ಭಾರ ಹಾಕಿ ಎಳೆಯುತ್ತಿದ್ದರೆ ಮಾವ ಟಾರ್ಚ್ ಹಿಡಿದು ನಿಂತು ನನ್ನ ಕೈಯೊಂದನ್ನು ಬಿಟ್ಟು ಬೇರೆಲ್ಲ ಕಡೆಗೂ ಬೆಳಕು ಬಿಡುತ್ತಿದ್ದರು.

"ಉಲ್ಟಾ ಹಾಕ್ತಿದೀರ."

"ಬಾಣದ ಗುರುತಿದೆ ನೋಡಿ ಮಾವ. ನೀರು ಈ ಕಡೆಯಿಂದಾನೇ ಬರೋದು."

"ಬಾಣ ನೋಡಿ ಕೆಲಸ ಮಾಡೋರು ನೀವು. ಆಗ್ಲಿ, ಹಾಕಿ."

ನೀರು ತುಂಬಿ, ಪೈಪಿನೊಳಗಿನ ಗಾಳಿ ಹೊರಬಿಟ್ಟು, ಬಾಯ್ಲರ್ ಹಚ್ಚಿದೆ. ಒಂದು ತೊಟ್ಟೂ ಸೋರಲಿಲ್ಲ. ಆದರೆ ಮಾರನೆಯ ದಿನ ಆ ಕೋಣೆ ಮಂಜುಗಡ್ಡೆ. ಅದರ ಮಾರನೆಯ ದಿನವೂ ಅಷ್ಟೇ. ವಾಲ್ವನ್ನು ಕೊನೆಯ ನಂಬರಿನವರೆಗೆ ತಿರುಗಿಸಿಟ್ಟರೂ ರೇಡಿಯೇಟರ್ ಸಂಜೆ ಒಂದಿಷ್ಟು ಬಿಸಿಯಾಗಿ ಮತ್ತೆ ತಣ್ಣಗೆ ಕೂರುತ್ತಿತ್ತು. "ನಾನು ಅವತ್ತೇ ಹೇಳ್ಲಿಲ್ವಾ," ಎಂದರು ಮಾವ. ಆ ಗೆದ್ದ ಮುಖ ನನಗೆ ಚಳಿಗಿಂತ ಹೆಚ್ಚು ಕೊರೆಯಿತು.

ನಾಲ್ಕನೆಯ ಸಂಜೆ ಅಪ್ಪ ಮಗಳು ಅಡುಗೆಮನೆಯಲ್ಲಿದ್ದಾಗ ಮೇಲೆ ಹೋಗಿ ನೋಡಿದೆ. ಕಾರಣ ಕಣ್ಣೆದುರಿಗೇ ನೇತಾಡುತ್ತಿತ್ತು. ಮಾವ ದಿನವೂ ಸ್ನಾನವಾದ ಮೇಲೆ ಪಂಚೆ ಒಗೆದು ರೇಡಿಯೇಟರಿನ ಮೇಲೆ ಹರವುತ್ತಿದ್ದರು. ಮಾರನೆಯ ದಿನದ ಸಂಧ್ಯಾವಂದನೆಗೆ ಮಡಿ ಅದು, ಬೇರೆ ಯಾರೂ ಮುಟ್ಟುವಂತಿಲ್ಲ. ಅದರ ಅಂಚು ನಾಲ್ಕು ಪದರವಾಗಿ ವಾಲ್ವಿನ ತಲೆಯನ್ನು ಪೂರ್ತಿ ಮುಚ್ಚಿತ್ತು. ಬಟ್ಟೆಯೊಳಗೆ ಸಿಕ್ಕಿಕೊಂಡ ಬಿಸಿಯನ್ನೇ ಕೋಣೆಯ ಬಿಸಿಯೆಂದು ತಿಳಿದು ವಾಲ್ವ್ ನೀರು ನಿಲ್ಲಿಸುತ್ತಿತ್ತು.

ನನಗೆ ಕುಣಿಯುವಷ್ಟು ಖುಷಿಯಾಯಿತು. ಮಾವನನ್ನು ಮೇಲೆ ಕರೆತಂದು ಅವರ ಪಂಚೆಯನ್ನೇ ಅವರಿಗೆ ತೋರಿಸಬೇಕೆಂದು ಮೆಟ್ಟಿಲು ಇಳಿಯುತ್ತಿದ್ದೆ. ಅಡುಗೆಮನೆಯಿಂದ ಅವರ ದನಿ ಕೇಳಿಸಿತು.

"ನಿನ್ನ ಗಂಡ ಬೇಕು ಅಂತ್ಲೇ ಮಾಡಿಟ್ಟಿದಾನೆ ಕಣೇ. ಈ ಮುದುಕ ತೊಲಗ್ಲಿ ಅಂತ. ನಿಮ್ಮಮ್ಮ ಇದ್ದಿದ್ರೆ ಈ ಸಂಬಂಧಾನೇ ಬೇಡ ಅಂತಿದ್ಲು."

ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಹಾಗೋ, ತೊಲಗಲಿ ಹಾಗಾದರೆ, ಎಂದುಕೊಂಡೆ. ಊಟಕ್ಕೆ ಕೂತಾಗ ಹೆಂಡತಿ, "ಯಾಕೆ ಹೀಗಾಗ್ತಿದೆ ಅಂತ ನಿಂಗೇನಾದ್ರೂ ಗೊತ್ತಾಯ್ತಾ?" ಎಂದು ಕೇಳಿದಳು. ಇಲ್ಲ ಎಂದೆ. ಮಡಿಬಟ್ಟೆ ಮುಟ್ಟಬಾರದು ನಿಜ. ಬಾಯಿಬಿಟ್ಟು ಹೇಳಬಾರದು ಎಂದೇನೂ ಇರಲಿಲ್ಲ.

ಅವಳು ಎಲೆಕ್ಟ್ರಿಕ್ ಹೀಟರ್ ತಂದಿಟ್ಟಳು. "ಮೊದ್ಲು ನಿನ್ನ ಗಂಡ ತಪ್ಪು ಒಪ್ಕೊಳ್ಲಿ," ಎಂದು ಮಾವ ಅದರ ಸ್ವಿಚ್ಚು ಮುಟ್ಟಲಿಲ್ಲ. ಹಾಲ್‌ಗೆ ಬಂದು ಮಲಗಲೂ ಒಪ್ಪಲಿಲ್ಲ. ಎರಡು ಸ್ವೆಟರ್, ಮಂಕಿ ಕ್ಯಾಪ್ ಹಾಕಿಕೊಂಡು ಅದೇ ಕೋಣೆಯಲ್ಲಿ ಕೂತರು. ಪಂಚೆ ಒಣಗುತ್ತಿಲ್ಲವೆಂದು ಅದನ್ನು ಇನ್ನೂ ಹೆಚ್ಚು ಹೊತ್ತು ಅಲ್ಲೇ ಬಿಟ್ಟರು. ಕೆಮ್ಮು ಶುರುವಾಗಿ ಎದೆಗಿಳಿಯಿತು. ನಾನು ದಿನವೂ ಆ ಕೆಮ್ಮು ಕೇಳಿಸಿಕೊಂಡು ಆಫೀಸಿಗೆ ಡ್ರೈವ್ ಮಾಡುತ್ತಿದ್ದೆ. ಕೊನೆಗೆ ಅವರು ಟಿಕೆಟಿನ ದಿನ ಬದಲಾಯಿಸಿಕೊಂಡರು. ಹೆರಿಗೆಗೆ ಇನ್ನೂ ಮೂರು ವಾರವಿತ್ತು. ಏರ್‌ಪೋರ್ಟಿನಲ್ಲಿ ಹೆಂಡತಿ ಅವರ ತೋಳು ಹಿಡಿದುಕೊಂಡು, "ಮಗು ಮುಖ ನೋಡ್ಕೊಂಡಾದ್ರೂ ಹೋಗಪ್ಪಾ," ಎಂದು ಅತ್ತಳು. ನಾನು ಸೂಟ್‌ಕೇಸು ಹಿಡಿದುಕೊಂಡು ಬೇರೆ ಕಡೆ ನೋಡುತ್ತಿದ್ದೆ.

ಹೆರಿಗೆಯಲ್ಲಿ ಅವಳ ಕಡೆಯವರು ಅಂತ ಯಾರೂ ಇರಲಿಲ್ಲ. ನೋವಿನ ನಡುವೆ ಒಮ್ಮೆ ಅಮ್ಮ ಎಂದಳು, ಆಮೇಲೆಲ್ಲ ಅಪ್ಪ, ಅಪ್ಪ ಎಂದೇ ಕೂಗಿದಳು. ಹೆಣ್ಣು ಮಗು. ಆಸ್ಪತ್ರೆಯ ಕೋಣೆಯಿಂದಲೇ ಮಾವನಿಗೆ ಫೋನ್ ಮಾಡಿದೆ. ಅವರು ಮಗುವಿನ ತೂಕ, ಹುಟ್ಟಿದ ಗಳಿಗೆ ಕೇಳಿಕೊಂಡರು. ಆಮೇಲೆ, "ಮಗೂನ ಆ ಮಹಡಿ ರೂಮಲ್ಲಿ ಮಲಗಿಸ್ತೀರೇನು?" ಎಂದು ಕೇಳಿದರು.

ಹೌದೆಂದೆ.

"ಹಂಗಾದ್ರೆ ಮೊದ್ಲು ಆ ವಾಲ್ವ್ ಕಿತ್ತಾಕಿ ಅಳಿಯಂದ್ರೇ. ನಂದೇನೋ ಆಯ್ತು. ಮಗು ಆ ಚಳಿ ತಡ್ಕೊಳಲ್ಲ."

ಹೆಂಡತಿ ಹಾಸಿಗೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. "ಆಯ್ತು ಮಾವ," ಎಂದೆ. ಚೆನ್ನಾಗಿಯೇ ಕೆಲಸ ಮಾಡುತ್ತಿದ್ದ ಆ ವಾಲ್ವನ್ನು, ತಾಯಿ ಮಗು ಮನೆಗೆ ಬರುವ ಮುಂಚೆಯೇ ಕಿತ್ತು ಎಸೆದೆ.